ಮರ್ಯಾದೆಯ ಪದ ಮತ್ತು ಹಳದಿ ನಕ್ಷತ್ರ

ಫ್ರೆಂಚ್ ಓದುವಾಗ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿದ್ದು ಒಂದು ಅಕ್ಷರದ ಗಾತ್ರ. ‘ಜುಯಿಫ್’ (ಯೆಹೂದಿ) ಎಂಬ ನಾಮಪದ ದೊಡ್ಡಕ್ಷರದಿಂದ ಶುರುವಾದರೆ ಅದೊಂದು ಜನಸಮುದಾಯ. ಸಣ್ಣಕ್ಷರದಿಂದಾದರೆ ಒಂದು ಮತದ ಅನುಯಾಯಿ. ಯೆಹೂದಿತನ ಹುಟ್ಟಿನಿಂದ ಬಂದದ್ದೋ ನಂಬಿಕೆಯಿಂದ ಬಂದದ್ದೋ ಎಂದು ಬರೆಯುವವರು ಪ್ರತಿ ಸಲವೂ ತೀರ್ಮಾನಿಸಬೇಕು. ಎಷ್ಟೋ ಯೆಹೂದಿಗಳ ಮಟ್ಟಿಗೆ ಅವೆರಡನ್ನು ಬೇರ್ಪಡಿಸಲು ಬರುವುದೇ ಇಲ್ಲ.

ಬೇರ್ಪಡಿಸಲೇಬೇಕೆಂದು ಹಟ ಹಿಡಿದದ್ದು ಫ್ರೆಂಚ್ ರಾಜಕಾರಣ. ಯೆಹೂದಿಗಳಿಗೆ ಒಂದು ರಾಷ್ಟ್ರವಾಗಿ ಏನನ್ನೂ ಕೊಡಬಾರದು, ವ್ಯಕ್ತಿಗಳಾಗಿ ಎಲ್ಲವನ್ನೂ ಕೊಡಬೇಕು ಎಂದು 1789ರ ಡಿಸೆಂಬರಿನಲ್ಲಿ ಪ್ರತಿನಿಧಿ ಕ್ಲೆರ್ಮೊಂ-ತೊನೇರ್ ರಾಷ್ಟ್ರೀಯ ಸಭೆಯಲ್ಲಿ ವಾದಿಸಿದ. 1791ರಲ್ಲಿ ಪೌರತ್ವ ಸಿಕ್ಕಿತು. ‘ಜುಯಿಫ್’ ಎಂಬ ಹಳೆಯ ಪದಕ್ಕೆ ಬೈಗುಳ ಅಂಟಿಕೊಂಡಿತ್ತು. ಹಾಗಾಗಿ ಹೊಸ ಪೌರರಿಗೆ ‘ಇಸ್ರಾಯೆಲೀತ್’ ಎಂಬ ಮರ್ಯಾದೆಯ ಪದ ಬಳಕೆಗೆ ಬಂತು. ಮನೆಯಲ್ಲಿ ಮೋಶೆಯ ಮತ, ಬೀದಿಯಲ್ಲಿ ಅಪ್ಪಟ ಫ್ರೆಂಚ್ ಪ್ರಜೆ ಎಂಬ ಒಪ್ಪಂದ ಅದರೊಳಗಿತ್ತು. 1860ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಶಿಕ್ಷಣಸಂಸ್ಥೆ ‘ಅಲಿಯಾನ್ಸ್ ಇಸ್ರಾಯೆಲೀತ್ ಯೂನಿವೆರ್ಸೆಲ್’ ಆ ಪದವನ್ನು ಹೆಮ್ಮೆಯಿಂದಲೇ ಧರಿಸಿತು.

ಒಪ್ಪಂದ ಮುರಿದದ್ದು ಸರ್ಕಾರ. ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ಬಂದ ವಿಶಿ ಸರ್ಕಾರ 1940ರ ಅಕ್ಟೋಬರ್ 3ರಂದು ಹೊರಡಿಸಿದ ಕಾನೂನು ‘ಜುಯಿಫ್’ ಪದಕ್ಕೇ ಮರಳಿತು; ಯಾರನ್ನೂ ನಂಬಿಕೆಯ ಬಗ್ಗೆ ಕೇಳದೆ ಅಜ್ಜ-ಅಜ್ಜಿಯರ ಕುಲ ಎಣಿಸಿತು. 1942ರ ಜೂನಿನಲ್ಲಿ, ಜರ್ಮನ್ನರು ಆಕ್ರಮಿಸಿದ್ದ ವಲಯದಲ್ಲಿ, ಆರು ವರ್ಷ ತುಂಬಿದ ಮಕ್ಕಳೂ ಆ ಪದವಿದ್ದ ಹಳದಿ ನಕ್ಷತ್ರವನ್ನು ಎದೆಯ ಮೇಲೆ ಹೊಲಿದುಕೊಳ್ಳಬೇಕಾಯಿತು. ತಲೆಗೆ ಮೂರು ನಕ್ಷತ್ರ. ಅದಕ್ಕಾಗಿ ಬಟ್ಟೆಯ ರೇಷನ್ ಕಾರ್ಡಿನಿಂದ ಒಂದು ಪಾಯಿಂಟ್ ಕಡಿತ. ಅವಮಾನದ ಬಟ್ಟೆಯನ್ನೂ ಅವರ ಪಾಲಿನಿಂದಲೇ ವಸೂಲು ಮಾಡಿದರು.

ಇತಿಹಾಸಕಾರ ಮಾರ್ಕ್ ಬ್ಲಾಕ್ ಆ 1940ರಲ್ಲೇ ಬರೆದಿಟ್ಟ: ತಾನು ತನ್ನ ಮೂಲವನ್ನು ಹೇಳಿಕೊಳ್ಳುವುದು ಯೆಹೂದಿದ್ವೇಷಿಯ ಎದುರು ಮಾತ್ರ. ಫ್ರಾನ್ಸಿಗಾಗಿ ಭೂಗತ ಹೋರಾಟಕ್ಕಿಳಿದ ಅವನನ್ನು ಜರ್ಮನ್ನರು 1944ರ ಜೂನ್ 16ರಂದು ಗುಂಡಿಟ್ಟು ಕೊಂದರು.

ಯುದ್ಧಾನಂತರದ ಪೀಳಿಗೆಗಳು ‘ಇಸ್ರಾಯೆಲೀತ್’ ಅನ್ನು ಮೆಲ್ಲನೆ ಕೈಬಿಟ್ಟು ‘ಜುಯಿಫ್’ ಅನ್ನು ತಮ್ಮದಾಗಿಸಿಕೊಂಡವು. ಸಮುದಾಯದ ಪ್ರಾತಿನಿಧಿಕ ಸಂಸ್ಥೆ ‘ಕ್ರಿಫ್’ ಕೂಡ ತನ್ನ ಪೂರ್ಣ ಹೆಸರಿನಲ್ಲಿ ಇದೇ ಬದಲಾವಣೆ ಮಾಡಿಕೊಂಡಿತು. ಮುಚ್ಚಿಟ್ಟುಕೊಳ್ಳುವ ಷರತ್ತಿನ ಮೇಲೆ ಸಿಕ್ಕ ಗೌರವ ಕಷ್ಟಕಾಲಕ್ಕೆ ಒದಗಲಿಲ್ಲ ಎಂಬುದನ್ನು ಅವರು ಬದುಕಿ ತಿಳಿದಿದ್ದರು.

ಫ್ರೆಂಚಿನಿಂದ ಕನ್ನಡಕ್ಕೆ ತರುವವರಲ್ಲಿ ನನ್ನದೊಂದು ಕೋರಿಕೆ: ಎರಡೂ ಪದಗಳನ್ನು ‘ಯೆಹೂದಿ’ ಎಂದು ಒಂದಾಗಿಸಬೇಡಿ. ‘ಇಸ್ರಾಯೆಲೀತ್’ ಅನ್ನು ‘ಇಸ್ರೇಲಿ’ ಎಂದಂತೂ ಬರೆಯಲೇಬೇಡಿ. ಅದು 1948ರಲ್ಲಿ ಹುಟ್ಟಿದ ದೇಶದ ಪ್ರಜೆಯ ಹೆಸರು.