ನೌಕಾಜಯಲಕ್ಷಣ ಮೀಮಾಂಸೆ

ಸಮುದ್ರಯುದ್ಧದಲ್ಲಿ ಜಯವೆಂಬುದರ ಲಕ್ಷಣವೇನು ಎಂಬುದು ಇಲ್ಲಿ ವಿಚಾರ್ಯ. 1666ರ ಜೂನ್‌ನಲ್ಲಿ ಉತ್ತರ ಸಮುದ್ರದ ದಕ್ಷಿಣಭಾಗದಲ್ಲಿ ಇಂಗ್ಲಿಷ್ ಮತ್ತು ಡಚ್ ನೌಕಾಬಲಗಳ ನಡುವೆ ನಡೆದ ನಾಲ್ಕು ದಿನಗಳ ಯುದ್ಧವೇ ವಿಷಯ. ಅದು ಮುಗಿದೊಡನೆ ಉಭಯಪಕ್ಷಗಳೂ ಜಯ ತಮ್ಮದೆಂದು ಸಾರಿದವು. ಒಂದೇ ಜಯ ಪರಸ್ಪರ ವಿರೋಧಿಗಳಿಬ್ಬರಲ್ಲಿಯೂ ಇರಲಾರದಾದ್ದರಿಂದ ಸಂಶಯ. ಸಂಶಯದಿಂದಲೇ ಮೀಮಾಂಸೆಗೆ ಅವಕಾಶ.

ಮೊದಲು ವಿಷಯದ ಏಕತ್ವ. ಪ್ರತಿರಾತ್ರಿಯೂ ತೋಪುಗಳು ಮೌನವಾದುದರಿಂದ ಇವು ನಾಲ್ಕು ಯುದ್ಧಗಳೇ ಎಂದರೆ, ಅಲ್ಲ. ಪ್ರಯೋಜನೈಕ್ಯದಿಂದ ಪದಗಳಿಗೆ ಏಕವಾಕ್ಯತೆ ಬರುವಂತೆ, ಪರಬಲವನ್ನು ಮುರಿಯಬೇಕೆಂಬ ಸಂಕಲ್ಪದ ಐಕ್ಯದಿಂದ ಇದು ಒಂದೇ ಯುದ್ಧ. ಇಂಗ್ಲಿಷರ ಹಳೆಯ ಪಂಚಾಂಗದಲ್ಲಿ ಜೂನ್ 1ರಿಂದ 4, ಹೊಸ ಪಂಚಾಂಗದಲ್ಲಿ 11ರಿಂದ 14 ಎಂಬುದು ನಾಮಭೇದವೇ ಹೊರತು ವಸ್ತುಭೇದವಲ್ಲ. ಮುಂದೆ ಹಳೆಯ ಗಣನೆಯೇ ಗ್ರಾಹ್ಯ.

ಪೂರ್ವಪಕ್ಷಗಳಲ್ಲಿ ಮೊದಲನೆಯದು: ವಾತಾನುಕೂಲ್ಯವೇ ಜಯ; ಗಾಳಿ ಬೀಸುವ ಕಡೆಯನ್ನು ಹಿಡಿದವನು ಕಾಳಗದ ಆರಂಭವನ್ನೂ ಅಂತರವನ್ನೂ ತಾನೇ ನಿಯಮಿಸುತ್ತಾನೆ. ಈ ಮತವು ಸಾಧನವನ್ನು ಸಾಧ್ಯವೆಂದು ಭ್ರಮಿಸುತ್ತದೆ. ಫ್ರೆಂಚ್ ಹಡಗುಗಳು ಬರುತ್ತಿವೆಯೆಂಬ ಶಂಕೆಯಿಂದ ರಾಜಕುಮಾರ ರೂಪರ್ಟನು ಇಂಗ್ಲಿಷ್ ನೌಕಾಬಲದ ಒಂದು ವಿಭಾಗದೊಡನೆ ಪಶ್ಚಿಮಕ್ಕೆ ಹೋಗಿದ್ದ. ಉಳಿದ 56 ಹಡಗುಗಳಿಂದ ಆಲ್ಬೆಮಾರ್ಲ್‌ನ ಡ್ಯೂಕ್ ಜಾರ್ಜ್ ಮಂಕ್ ಗಾಳಿಯ ಮೇಲಿನಿಂದ, ಲಂಗರು ಹಾಕಿದ್ದ ಸುಮಾರು 85 ಡಚ್ ಹಡಗುಗಳ ಮೇಲೆ ಬಿದ್ದ. ಡಚ್ಚರು ಲಂಗರಿನ ಹಗ್ಗಗಳನ್ನು ಕಡಿದು ಹೊರಟರು. ಆದರೆ ಬಿರುಗಾಳಿಗೆ ಹಡಗುಗಳೆಲ್ಲ ಗಾಳಿಯ ಕೆಳಮಗ್ಗುಲಿಗೆ ವಾಲಿದವು. ಇಂಗ್ಲಿಷರಿಗೆ ಶತ್ರುವಿದ್ದದ್ದು ಅದೇ ಮಗ್ಗುಲು. ಅತಿ ಭಾರದ ತೋಪುಗಳಿದ್ದ ಕೆಳಸಾಲಿನ ಕಿಂಡಿಗಳು ನೀರಿನಂಚಿಗಿಳಿದವು. ತೆರೆದರೆ ಸಮುದ್ರವೇ ಒಳನುಗ್ಗುವುದು. ಡಚ್ಚರಿಗೆ ಶತ್ರುವಿನ ಮಗ್ಗುಲು ಮೇಲೆದ್ದಿತ್ತು, ಅವರ ಕಿಂಡಿಗಳು ತೆರೆದೇ ಇದ್ದವು. ಹೀಗೆ ಅನುಕೂಲವೆಂದು ಹೇಳಲ್ಪಟ್ಟ ಗಾಳಿಯೇ ಪ್ರತಿಬಂಧಕವಾಯಿತು. ಸಾಧನವಿದ್ದಲ್ಲಿಯೂ ಸಾಧ್ಯವು ಇಲ್ಲದಿರುವುದರಿಂದ ಈ ಲಕ್ಷಣ ದುಷ್ಟ.

ಎರಡನೆಯದು ಹಾನಿಯ ನ್ಯೂನತೆ: ಇಂಗ್ಲಿಷರಿಗೆ ಸುಮಾರು ಹತ್ತು ಹಡಗುಗಳ ನಷ್ಟ, ಡಚ್ಚರಿಗೆ ನಾಲ್ಕು. ಇಲ್ಲಿ ಅತಿವ್ಯಾಪ್ತಿ ದೋಷ. ತೋಪು ಹಾರಿಸದೆ ಓಡಿಹೋದವನಿಗೂ ಹಾನಿ ಕಡಿಮೆಯೇ. ಮುಳುಗಿದವರನ್ನು ಎಣಿಸಿ ಜಯವನ್ನು ತೂಗುವುದು ಮನಸ್ಸಿಗೂ ಒಗ್ಗದು.

ಮೂರನೆಯದು ಇಂಗ್ಲಿಷರ ಮತ: ಶತ್ರುವೇ ಮೊದಲು ಸರಿದನಾದ್ದರಿಂದ ಜಯ ನಮ್ಮದು. ನಾಲ್ಕನೆಯ ದಿನ ಮಂಜು ಕವಿದು ಡಚ್ ನೌಕಾಧಿಪತಿ ಡೆ ರಾಯ್ಟರ್ ಬೆನ್ನಟ್ಟುವುದನ್ನು ನಿಲ್ಲಿಸಿದ್ದು ನಿಜ. ಆದರೆ ನಿವೃತ್ತಿ ಬೇರೆ, ಪಲಾಯನ ಬೇರೆ: ಮೊದಲನೆಯದು ಕರ್ತೃವಿನ ಇಚ್ಛೆಯಿಂದ, ಎರಡನೆಯದು ಪರಬಲದ ಒತ್ತಡದಿಂದ. ಬೆನ್ನಟ್ಟುವವನ ನಿವೃತ್ತಿಯನ್ನು ಪರಾಜಯವೆನ್ನುವುದು ಪದಗಳ ಸಾಂಕರ್ಯ.

ಆದ್ದರಿಂದ ಸಿದ್ಧಾಂತ: ಯುದ್ಧಾಂತದಲ್ಲಿ ಪರಸಂಕಲ್ಪವನ್ನು ಪ್ರತಿಬಂಧಿಸಿ, ಸ್ವಸಂಕಲ್ಪವನ್ನು ಮುಂದುವರಿಸುವ ಶಕ್ತಿಯನ್ನು ಉಳಿಸಿಕೊಂಡಿರುವುದೇ ಜಯ. ಅದರಂತೆ ಇಲ್ಲಿ ಜಯ ಡಚ್ಚರದು. ಆಕ್ಷೇಪವಿದೆ: ಮೂರನೆಯ ದಿನ ಹಿಮ್ಮೆಟ್ಟುತ್ತಿದ್ದ ಆಲ್ಬೆಮಾರ್ಲ್‌ನ ಸಂಕಲ್ಪ ರೂಪರ್ಟನನ್ನು ಸೇರುವುದು, ಅದು ಸಂಜೆಗೆ ಸಿದ್ಧಿಸಿತಲ್ಲ? ಸಿದ್ಧಿಸಿತು, ಆದರೆ ಅದು ಅವಾಂತರ ಪ್ರಯೋಜನ. ಅದಕ್ಕೆ ತೆತ್ತ ಬೆಲೆಯೂ ಗಮನಾರ್ಹ: ಆ ಹಿಮ್ಮೆಟ್ಟುವಿಕೆಯಲ್ಲಿಯೇ ಇಂಗ್ಲಿಷರ 'ರಾಯಲ್ ಪ್ರಿನ್ಸ್' ಹಡಗು ಗ್ಯಾಲಪರ್ ಮರಳದಿಣ್ಣೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಅಡ್ಮಿರಲ್ ಜಾರ್ಜ್ ಐಸ್ಕ್ಯೂ ಶರಣಾದ. ಹಡಗನ್ನು ಡೆ ರಾಯ್ಟರ್ ಸುಡಿಸಿದ. ಅವಾಂತರ ಸಿದ್ಧಿಯಿಂದ ಪ್ರಧಾನದ ಸಿದ್ಧಿಯನ್ನು ಅನುಮಾನಿಸಲಾಗದು.

ಕೊನೆಯ ಆಕ್ಷೇಪವೇ ಪ್ರಬಲ. ಜುಲೈ 25ರ ಸೇಂಟ್ ಜೇಮ್ಸ್ ದಿನದ ಯುದ್ಧದಲ್ಲಿ ಇಂಗ್ಲಿಷರು ಡೆ ರಾಯ್ಟರನನ್ನು ಸೋಲಿಸಿದರು. ಎರಡು ತಿಂಗಳೂ ನಿಲ್ಲದ ಜಯ ಜಯವೇ? ಇಲ್ಲಿ ಅಭಾವಗಳ ಭೇದವನ್ನು ಗಮನಿಸಬೇಕು. ಒಡೆದ ಮಡಕೆಗೆ ಪ್ರಧ್ವಂಸಾಭಾವ, ಎಂದರೆ ನಾಶದಿಂದಾದ ಅಭಾವ, ಇದೆ. ಅದರಿಂದ ಮಡಕೆ ಹುಟ್ಟಿಯೇ ಇರಲಿಲ್ಲವೆಂದು ಸಿದ್ಧವಾಗದು, ಹುಟ್ಟದ್ದು ಒಡೆಯುವುದೂ ಇಲ್ಲ. ಸ್ಥಾಯಿತ್ವ ಜಯದ ಫಲಕ್ಕೆ ಸಂಬಂಧಿಸಿದ ಧರ್ಮ, ಸ್ವರೂಪಕ್ಕಲ್ಲ. ಆ ನಡುವಿನ ಅವಧಿಯಲ್ಲಿ ಜಯವಿತ್ತೆಂಬುದಕ್ಕೆ ಪ್ರತ್ಯಕ್ಷವೇ ಪ್ರಮಾಣ: ಇಂಗ್ಲಿಷ್ ಹಡಗುಗಳು ಥೇಮ್ಸಿನೊಳಗೆ ದುರಸ್ತಿಯಲ್ಲಿದ್ದಾಗ, ಮೊದಲು ಸಜ್ಜಾಗಿ ಹೊರಟು ಆ ನದಿಯ ಮುಖದೆದುರು ಸುಳಿದಾಡಿದ್ದು ಡೆ ರಾಯ್ಟರನ ಹಾಯಿಗಳೇ.