ಆಜ್ಞಾಪಿಸುವವನ ಹೊಣೆ

ಒಬ್ಬನಿಗೆ 'ಹೋಗು' ಎಂದು ಹೇಳುವುದು ಬಹು ಸುಲಭವಾದ ಕಾರ್ಯ. ಹೋದವನು ಮರಳಿ ಬಾರದಿದ್ದಾಗ ಆ ಒಂದು ಮಾತಿನ ಭಾರವನ್ನು ಹೊರುವುದು ಸುಲಭವಲ್ಲ. ಮನೆಯ ಯಜಮಾನನಿಂದ ಮೊದಲ್ಗೊಂಡು ರಾಷ್ಟ್ರನಾಯಕನವರೆಗೆ, ಆಜ್ಞಾಪಿಸುವ ಸ್ಥಾನದಲ್ಲಿರುವವರೆಲ್ಲರನ್ನೂ ಕಾಡಬೇಕಾದ ಪ್ರಶ್ನೆಯೊಂದುಂಟು. ಅನೇಕರ ಉಳಿವಿಗಾಗಿ ಕೆಲವರನ್ನು ಸಾವಿನ ಬಾಯಿಗೆ ಕಳುಹಿಸುವ ಅಧಿಕಾರ ಯಾರಿಗಾದರೂ ಇದೆಯೆ? ಬರಿಯ ತರ್ಕದಿಂದ ಇದನ್ನು ಬಿಡಿಸಹೊರಟರೆ ಮಾತು ಬೆಳೆದೀತೇ ಹೊರತು ಮನಸ್ಸು ತಿಳಿಯಾಗದು. ಆದುದರಿಂದ ನಡೆದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇನೆ.

1961ನೆಯ ಇಸವಿಯ ಜುಲೈ 4. ಸೋವಿಯೆತ್ ಒಕ್ಕೂಟದ ಕೆ-19 ಎಂಬ ಜಲಾಂತರ್ಗಾಮಿ ನೌಕೆಯು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಸಮರಾಭ್ಯಾಸಕ್ಕಾಗಿ ಸಂಚರಿಸುತ್ತಿತ್ತು. ಪರಮಾಣು ಶಕ್ತಿಯಿಂದ ಚಲಿಸುತ್ತ, ಅಣ್ವಸ್ತ್ರ ಕ್ಷಿಪಣಿಗಳನ್ನು ಹೊತ್ತೊಯ್ಯಲೆಂದು ಆ ದೇಶವು ಕಟ್ಟಿದ ಮೊದಲ ಜಲಾಂತರ್ಗಾಮಿ ಅದು. ಅದರೊಳಗೆ 139 ಜನರಿದ್ದರು. ಅವರೆಲ್ಲರ ಮೇಲಧಿಕಾರಿ ನಿಕೊಲಾಯ್ ಝತೇಯೆವ್. ಅಂದು ಬೆಳಗಿನ ಜಾವ, ನೌಕೆಯ ಎರಡು ರಿಯಾಕ್ಟರುಗಳಲ್ಲಿ ಒಂದನ್ನು ತಂಪಾಗಿಡುತ್ತಿದ್ದ ನೀರಿನ ವ್ಯವಸ್ಥೆಯಲ್ಲಿ ಸೋರಿಕೆಯುಂಟಾಗಿ, ನೀರಿನ ಒತ್ತಡವು ಸೊನ್ನೆಗೆ ಇಳಿಯಿತು. ರಿಯಾಕ್ಟರನ್ನು ಕೂಡಲೇ ನಿಲ್ಲಿಸಿದರು. ಆದರೆ ಉರಿಯನ್ನು ನಂದಿಸಿದ ಒಲೆಯಲ್ಲಿ ಕೆಂಡ ಉಳಿಯುವಂತೆ, ನಿಂತ ರಿಯಾಕ್ಟರಿನ ಇಂಧನವೂ ಬಹುಕಾಲ ಶಾಖವನ್ನು ಸೂಸುತ್ತಲೇ ಇರುತ್ತದೆ. ನೀರಿಲ್ಲದೆ ಆ ಶಾಖ ಏರುತ್ತ ಹೋಯಿತು. ತಂಪುಗೊಳಿಸಲು ಬೇರೊಂದು ವ್ಯವಸ್ಥೆಯನ್ನು ನೌಕೆಯಲ್ಲಿ ಅಳವಡಿಸಿರಲೇ ಇಲ್ಲ. ದೂರದ ರೇಡಿಯೋ ಸಂಪರ್ಕವೂ ಕೆಟ್ಟಿತ್ತು. ಏನು ಮಾಡಲೆಂದು ಕೇಳೋಣವೆಂದರೆ ಕೇಳಲು ಯಾರೂ ಇರಲಿಲ್ಲ.

ಉಳಿದದ್ದು ಒಂದೇ ಉಪಾಯ. ನೌಕೆಯಲ್ಲಿದ್ದ ಸಾಮಗ್ರಿಯಿಂದಲೇ ಹೊಸ ಕೊಳವೆಯೊಂದನ್ನು ಬೆಸೆದು ರಿಯಾಕ್ಟರಿಗೆ ನೀರು ಹಾಯಿಸಬೇಕು. ಅದಕ್ಕಾಗಿ ವಿಕಿರಣ ತುಂಬಿದ ಆ ಕೋಣೆಯೊಳಗೆ ಮನುಷ್ಯರೇ ಹೋಗಬೇಕು. ಅವರಿಗೆ ಕೊಡಲು ಇದ್ದುದು ಮಳೆಯಂಗಿಯಂತಹ ಉಡುಪು ಮತ್ತು ಅನಿಲದ ಮುಖವಾಡ. ವಿಕಿರಣದ ಮುಂದೆ ಅವು ಇದ್ದೂ ಇಲ್ಲದಂತೆಯೇ. ಝತೇಯೆವ್ ಆಜ್ಞಾಪಿಸಿದರು. ಬೋರಿಸ್ ಕೊರ್ಚಿಲೋವ್ ಎಂಬ ತರುಣ ಅಧಿಕಾರಿ ತಾವಾಗಿಯೇ ಮುಂದೆ ಬಂದರು. ಸಂಗಡಿಗರೊಡನೆ, ಕೆಲವೇ ನಿಮಿಷಗಳ ಸರದಿಯಂತೆ ಒಳಹೊಕ್ಕು ಬೆಸುಗೆಯ ಕೆಲಸವನ್ನು ಮುಗಿಸಿದರು. ನೀರು ಹರಿಯಿತು, ಶಾಖ ಇಳಿಯಿತು. ನೌಕೆ ದಕ್ಷಿಣಕ್ಕೆ ಸಾಗಿ, ಸ್ವದೇಶದ ಡೀಸೆಲ್ ಜಲಾಂತರ್ಗಾಮಿಗಳನ್ನು ಸಂಧಿಸಿತು. ನಾವಿಕರನ್ನು ಅವುಗಳಿಗೆ ದಾಟಿಸಲಾಯಿತು. ಆದರೆ ಮೂರು ವಾರಗಳೊಳಗೆ ಎಂಟು ಮಂದಿ ಅಸುನೀಗಿದರು. ಕೊರ್ಚಿಲೋವ್ ಅವರಲ್ಲೊಬ್ಬರು. ಮುಂದಿನ ವರ್ಷಗಳಲ್ಲಿ ಇನ್ನೂ ಕೆಲವರು ಅದೇ ದಾರಿ ಹಿಡಿದರು.

ಇಲ್ಲಿ ಲೆಕ್ಕ ಬಲ್ಲವರು ಹೇಳಬಹುದು: 139 ಜನರಲ್ಲಿ ಎಂಟು ಮಂದಿ ಹೋದರು, ಉಳಿದವರು ಬದುಕಿದರು, ಲಾಭವೇ ಹೆಚ್ಚು ಎಂದು. ಆದರೆ ಮನುಷ್ಯಪ್ರಾಣವು ಕೂಡಿ ಕಳೆಯುವ ವಸ್ತುವಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಪಾಲಿಗೆ ಎಂಟು ಎಂಬ ಅಂಕಿಗೆ ಅರ್ಥವೇ ಇಲ್ಲ; ಅವಳಿಗೆ ಹೋದವನು ಒಬ್ಬನೇ, ಅವನೇ ಎಲ್ಲ. ಹಾಗಾದರೆ ಆ ಅಧಿಕಾರಿ ಆಜ್ಞೆ ಕೊಡದೆ ಸುಮ್ಮನಿರಬೇಕಾಗಿತ್ತೆ? ಅದೂ ಸಲ್ಲದು. ಕೈಕಟ್ಟಿ ಕುಳಿತಿದ್ದರೆ ಎಲ್ಲರನ್ನೂ ಸಾವಿಗೆ ಒಪ್ಪಿಸಿದಂತಾಗುತ್ತಿತ್ತು. ಅಧಿಕಾರಿಯ ಮೌನವೂ ಒಂದು ಆಜ್ಞೆಯೇ ಎಂಬುದನ್ನು ನಾವು ಮರೆಯಲಾಗದು. 'ತಾನೇ ಏಕೆ ಒಳಗೆ ಹೋಗಲಿಲ್ಲ?' ಎಂದು ಕೇಳುವವರೂ ಉಂಟು. ರಿಯಾಕ್ಟರಿನ ಕೆಲಸ ಬಲ್ಲವರು ಬೇರೆ. ಇಡೀ ನೌಕೆಯನ್ನು ದಡ ಸೇರಿಸಬೇಕಾದವರು ಬೇರೆ. ಈ ಸಮಾಧಾನವು ನಿಜ. ಆದರೆ ಅಪಾಯದಿಂದ ನುಣುಚಿಕೊಳ್ಳುವ ಅಧಿಕಾರಿಗಳು ಆಡುವುದೂ ಇದೇ ಮಾತನ್ನೇ. ನಿಜವನ್ನೂ ನೆಪವನ್ನೂ ಬೇರ್ಪಡಿಸುವ ಒರೆಗಲ್ಲು ಯಾವುದು?

ನನಗೆ ತೋರುವ ಒರೆಗಲ್ಲು ಒಂದೇ: ಆಜ್ಞಾಪಿಸಿದವನು ತನ್ನ ಆಜ್ಞೆಯ ಫಲದಿಂದ ಎಷ್ಟು ದೂರದಲ್ಲಿ ನಿಂತಿದ್ದಾನೆ? ಝತೇಯೆವ್ ಅದೇ ನೌಕೆಯಲ್ಲಿದ್ದರು. ಎಲ್ಲೆಡೆ ಹರಡಿದ್ದ ಅದೇ ವಿಷಗಾಳಿಯನ್ನು ಉಸಿರಾಡಿದರು. ಒಳಹೋದವರು ಹೊರಬಂದಾಗ ಅವರ ಮುಖವನ್ನು ಕಣ್ಣಾರೆ ಕಂಡರು. ಸೋವಿಯೆತ್ ಒಕ್ಕೂಟದ ಕೊನೆಯ ವರ್ಷಗಳವರೆಗೂ ಈ ದುರಂತವನ್ನು ಜನರಿಂದ ಮುಚ್ಚಿಡಲಾಗಿತ್ತು. ಬಾಯಿ ಬಿಡುವ ಅವಕಾಶ ದೊರೆತಾಗ ಅವರು ತಮ್ಮ ನೆನಪುಗಳನ್ನು ಬರೆದಿಟ್ಟು, 1998ರಲ್ಲಿ ತೀರಿಕೊಂಡರು. ಆದರೆ ಬದಲಿ ವ್ಯವಸ್ಥೆಯಿಲ್ಲದ ನೌಕೆಯನ್ನು, ಅಮೆರಿಕದೊಡನೆ ಹೂಡಿದ ಪೈಪೋಟಿಯ ಅವಸರದಲ್ಲಿ, ಕಡಲಿಗೆ ಇಳಿಸಿದವರು ಎಲ್ಲಿದ್ದರು? ಅವರು ದೂರದ ಕಚೇರಿಗಳಲ್ಲಿದ್ದರು. ಅವರ ಸಹಿಯೂ ಆಜ್ಞೆಯೇ ಆಗಿತ್ತು. ಎಂಟು ಮಂದಿಯನ್ನು ಆ ಕೋಣೆಗೆ ಕಳುಹಿಸಿದ ಮೊದಲ ಮಾತು ಅದೇ. ಝತೇಯೆವ್ ನುಡಿದದ್ದು ಕೊನೆಯ ಮಾತು ಮಾತ್ರ.

ವಾಚಕರೇ, ಇದು ಯಾವುದೋ ದೂರದ ಕಡಲಿನ ಕಥೆಯೆಂದು ಪುಟ ಮಗುಚದಿರಿ. ಮನುಷ್ಯರನ್ನು ಒಳಚರಂಡಿಯ ಗುಂಡಿಗೆ ಇಳಿಸುವ ಹೀನ ಪದ್ಧತಿಯನ್ನು ನಮ್ಮ ದೇಶವು 2013ರ ಕಾಯಿದೆಯಿಂದ ನಿಷೇಧಿಸಿದೆ. ಆದರೂ ಇಳಿದವರು ವಿಷಾನಿಲಕ್ಕೆ ಬಲಿಯಾಗುವ ಸುದ್ದಿ ನಿಂತಿಲ್ಲ. ಅವರಿಗೆ ಆ ಮಳೆಯಂಗಿಯೂ ಇರುವುದಿಲ್ಲ. ಉಳಿಸಬೇಕಾದ ಪ್ರಾಣಗಳೂ ಅಲ್ಲಿಲ್ಲ. ಇರುವುದು ನಮ್ಮ ಅನುಕೂಲ ಒಂದೇ. 'ಬೇಗ ಸರಿಮಾಡಿಸಿ' ಎಂದು ಹೇಳಿ ಬಾಗಿಲು ಹಾಕಿಕೊಳ್ಳುವ ನಾವು, ಕಚೇರಿಯಲ್ಲಿ ಕುಳಿತು ಸಹಿ ಹಾಕಿದ ಆ ದೊಡ್ಡವರಿಗಿಂತ ಹೇಗೆ ಭಿನ್ನರು?

ಆಜ್ಞೆಯಿಲ್ಲದೆ ಲೋಕವ್ಯವಹಾರ ಸಾಗದು. ಕೆಲವೊಮ್ಮೆ ಕಠಿನವಾದ ಆಜ್ಞೆಯೂ ಅನಿವಾರ್ಯ. ಆದರೆ ಕಳುಹಿಸುವ ಮುನ್ನ ಅಪಾಯವನ್ನು ಮರೆಮಾಚದೆ ತಿಳಿಸಬೇಕು. ಬೇರೆ ದಾರಿಯಿದ್ದರೆ ಅದನ್ನೇ ಹಿಡಿಯಬೇಕು. ಕಳುಹಿಸಿದ ಮೇಲೆ ಅವನು ಮರಳುವವರೆಗೆ ಬಾಗಿಲಲ್ಲೇ ನಿಂತಿರಬೇಕು. ಹಾಗೆ ನಿಲ್ಲಲು ಮನಸ್ಸಿಲ್ಲದವನಿಗೆ 'ಹೋಗು' ಎನ್ನುವ ಅಧಿಕಾರವೂ ಇಲ್ಲ.