ಬಿಟ್ಟದ್ದೂ ಬಿಡಿಸಿದ್ದೂ

ವಂಗದೇಶದಲ್ಲಿ ‘ಆಲೂರ್ ದಮ್’ ಎಂಬ ಬಟಾಟೆಯ ಪಲ್ಯವೊಂದುಂಟು. ಪೂಜೆಯ ದಿನಗಳಲ್ಲಿ ಅದನ್ನು ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಿಲ್ಲದೆ ಮಾಡುವರು. ಬೇಯಿಸಿ ಸಿಪ್ಪೆ ಸುಲಿದ ಬಟಾಟೆಯನ್ನು ಸಾಸಿವೆ ಎಣ್ಣೆಯಲ್ಲಿ ಕೆಂಪಗೆ ಹುರಿದು, ಜೀರಿಗೆ, ತಮಾಲಪತ್ರ, ಇಂಗುಗಳ ಒಗ್ಗರಣೆಗೆ ಅರೆದ ಹಸಿಶುಂಠಿ, ಅರಿಸಿನ, ಖಾರ ಸೇರಿಸಿ, ಮುಚ್ಚಿ ಬೇಯಿಸುವರು. ಉಳ್ಳಾಗಡ್ಡಿಯ ಸ್ಥಾನವನ್ನು ಇಂಗು ಶುಂಠಿಗಳು ತುಂಬುವವು. ಉಂಡವನಿಗೆ ಕೊರತೆ ತೋರದು. ಹಾಗಾದರೆ ಬಿಡುವದರಲ್ಲಿರುವ ಪುಣ್ಯವಾವುದು? ನಾಲಗೆಗೆ ನಷ್ಟವಿಲ್ಲದ ತ್ಯಾಗವು ತ್ಯಾಗವೆನಿಸುವದೆ?

ಶುದ್ಧಿಯು ಪದಾರ್ಥದಲ್ಲಿಯೇ ಇದೆಯೆನ್ನುವವರು ಶಾಸ್ತ್ರವನ್ನು ತೋರಿಸುವರು. ಮನುಸ್ಮೃತಿಯ 5ನೆಯ ಅಧ್ಯಾಯವು ದ್ವಿಜರಿಗೆ ಇವೆರಡನ್ನೂ ನಿಷೇಧಿಸಿರುವದು ನಿಜ. ಆದರೆ ಗೀತೆಯ 17ನೆಯ ಅಧ್ಯಾಯವು ಸಾತ್ತ್ವಿಕ, ರಾಜಸ, ತಾಮಸ ಆಹಾರಗಳ ಗುಣಗಳನ್ನು ಹೇಳುವಾಗ ಉಳ್ಳಾಗಡ್ಡಿಯ ಹೆಸರನ್ನೆತ್ತಿಲ್ಲ. ಬಟಾಟೆ, ಮೆಣಸಿನಕಾಯಿಗಳು ಅಮೇರಿಕೆಯಿಂದ ಬಂದವು. ಸ್ಮೃತಿಕಾರರು ಅವನ್ನು ಕಂಡವರಲ್ಲ. ಅದೇ ಬಟಾಟೆಯನ್ನು ನೆಲದೊಳಗಿನ ಗಡ್ಡೆಯೆಂದು ವ್ರತನಿಷ್ಠ ಜೈನರು ಬಿಡುವರು. ವಂಗದಲ್ಲಿಯಾದರೋ ಕಾಳಿಗೆ ಅರ್ಪಿಸಿದ ಆಡಿನ ಮಾಂಸವನ್ನು ಸಹ ಉಳ್ಳಾಗಡ್ಡಿಯಿಲ್ಲದೆ ಬೇಯಿಸಿ ‘ನಿರಾಮಿಷ’ವೆನ್ನುವರು. ಒಬ್ಬರು ಎಳೆದ ಶುದ್ಧಿಯ ಗೆರೆ ಇನ್ನೊಬ್ಬರಿಗೆ ಗೆರೆಯೇ ಅಲ್ಲ.

ಆದುದರಿಂದ ಏನನ್ನು ಬಿಟ್ಟರೆಂಬುದಕ್ಕಿಂತ ಯಾರು ಬಿಟ್ಟರು, ಯಾರು ಬಿಡಿಸಿದರು ಎಂಬುದನ್ನು ವಿಚಾರಿಸಬೇಕು. ವಂಗದ ಉಚ್ಚಕುಲಗಳ ವಿಧವೆಯರಿಗೆ ಮೀನು, ಮಾಂಸ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮಸೂರ ಬೇಳೆಗಳನ್ನು ಸಮಾಜವೇ ನಿಷೇಧಿಸಿತ್ತು. 1856ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ ವಿಧವಾವಿವಾಹದ ಕಾಯಿದೆಯಾಯಿತು. ತಾಟಿನ ಮೇಲಿನ ನಿಷೇಧವನ್ನು ಆ ಕಾಯಿದೆ ತೆಗೆಯಲಾರದಾಯಿತು. ಆ ತಾಯಂದಿರು ಉಳಿದಷ್ಟರಲ್ಲಿಯೇ ರುಚಿಯನ್ನು ಸಾಧಿಸಿ ನಿರಾಮಿಷ ಪಾಕಕ್ಕೆ ಕೀರ್ತಿ ತಂದರು. ಆ ಕೈಗುಣವನ್ನು ಹೊಗಳೋಣ. ಆ ಕಟ್ಟಳೆಯನ್ನು ಹೊಗಳಲಾಗದು. ಪಲ್ಯವೊಂದೇ, ವ್ರತಸ್ಥನಿಗೆ ಅದು ಸಂಯಮ, ಅವರಿಗೆ ಶಿಕ್ಷೆ.

ನಮ್ಮ ಹುಲಜಂತಿಗೆ ಪಂಢರಪುರವು ದೂರವಲ್ಲ. ಈ ಭಾಗದ ಅನೇಕ ಮರಾಠಿ ಮನೆಗಳಲ್ಲಿ ಆಷಾಢ ಶುದ್ಧ ನವಮಿಯನ್ನು ‘ಕಾಂದೇ ನವಮಿ’ಯೆಂದು ಆಚರಿಸಿ ಉಳ್ಳಾಗಡ್ಡಿಯ ಭಜಿಗಳನ್ನು ತೃಪ್ತಿಯಾಗಿ ತಿನ್ನುವರು, ಎರಡು ದಿನಗಳ ತರುವಾಯ, ಏಕಾದಶಿಯಿಂದ ಚಾತುರ್ಮಾಸ್ಯ ಮುಗಿಯುವವರೆಗೆ ಅದನ್ನು ಮುಟ್ಟರು. ಅವರು ಹಳಿದು ಬಿಡುವವರಲ್ಲ, ಆದರದಿಂದ ಬೀಳ್ಕೊಡುವವರು. ಇದೇ ಸೊಲ್ಲಾಪುರ ಜಿಲ್ಲೆಯ ಅರಣದಲ್ಲಿ 13ನೆಯ ಶತಮಾನದಲ್ಲಿ ಬಾಳಿದ ಸಂತ ಸಾವತಾ ಮಾಳಿಯು ತನ್ನ ತೋಟದ ಉಳ್ಳಾಗಡ್ಡಿ, ಮೂಲಂಗಿಗಳಲ್ಲಿಯೇ ವಿಠ್ಠಲನನ್ನು ಕಂಡನು. ಬಿಟ್ಟವರ ದೇವರೂ ಬೆಳೆದವನ ದೇವರೂ ಒಬ್ಬನೇ.

ಶಾಲೆಯಲ್ಲಿ ಮಕ್ಕಳು ಬುತ್ತಿ ಬಿಚ್ಚುವಾಗ ಒಬ್ಬನ ಗಂಟಿನಲ್ಲಿ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಶೇಂಗಾಚಟ್ನಿ ಇರುವವು. ಹೊಲದಲ್ಲಿ ದುಡಿಯುವ ಅವನ ತಂದೆಯ ಊಟವೂ ಅದೇ. ಪಕ್ಕದ ಹುಡುಗನು ಮೂಗು ಮುಚ್ಚಿಕೊಂಡು ಸರಿದು ಕುಳಿತರೆ ಅವನ ಮನೆಯ ವ್ರತವು ಆ ಕ್ಷಣವೇ ಭಂಗವಾಯಿತೆಂದು ತಿಳಿಯಬೇಕು. ಉಳ್ಳಾಗಡ್ಡಿಯನ್ನು ಬಿಡುವದು ಕಷ್ಟವಲ್ಲ; ಅದರ ಬದಲಿಗೆ ಇಂಗು ಉಂಟು. ತಾನು ಮೇಲೆಂಬ ಭಾವನೆಯನ್ನು ಬಿಡುವದೇ ಕಠಿಣ. ನಿಜವಾದ ತ್ಯಾಗವೂ ಅಲ್ಲಿಯೇ ಇರುವದು. ಬಿಡುವವನು ತನ್ನ ತಾಟಿನಿಂದ ಬಿಡಲಿ. ನೆರೆಯವನ ತಾಟನ್ನು ಅಳೆಯದಿರಲಿ. ಇಷ್ಟನ್ನು ಗುರುಗಳು ಮಕ್ಕಳಿಗೆ ಪಂಕ್ತಿಯಲ್ಲಿಯೇ ಕಲಿಸಿದರೆ ಸಾಕು.